ಹನ್ನೊಂದನೇ ನಂಬರಿನ ಜಾಕೀಟು

ಇವತ್ತು ಮಾಡಿದ ಕೆಲಸ ಇಷ್ಟು. ಆರಕ್ಕೆ ಎದ್ದು ನಳದ ನೀರು ಹಿಡಿದೆ. ಜೋಳದ ಹಿಟ್ಟು ಜರಡಿ ಹಿಡಿದಿಟ್ಟೆ. ಮಡಿಕಿಕಾಳು ಕುಕ್ಕರಿಗೆ ಹಾಕಿದೆ. ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟೆ. ನಮ್ಮ ಮನೆಯವರ ಅಂಗಿಗೆ ಎರಡು ಗುಂಡಿ ಹಚ್ಚಿದೆ. ನಾಲ್ಕು ಮಂದಿಯ ಬೆನ್ನ ಮೇಲಿನ ಹೆಸರು ಬಿಚ್ಚಿದೆ.

ನಮ್ಮೂರು ಸಂಶಿಯಲ್ಲಿ ಇಪ್ಪತ್ತೈದು ವರ್ಷ ಮಷಿನ್ ತುಳಿದವಳು ನಾನು. ಬೆಳೆದ ಮಕ್ಕಳ ಚಡ್ಡಿ ಬಿಚ್ಚಿ ಉದ್ದ ಮಾಡಿದ್ದೇನೆ, ಬಾಣಂತಿಯರ ಕುಬಸ ಬಿಚ್ಚಿ ಅಗಲ ಮಾಡಿದ್ದೇನೆ. ಯಾರ ಹೆಸರನ್ನೂ ಬಿಚ್ಚಿರಲಿಲ್ಲ. ನಮ್ಮಲ್ಲಿ ಬಟ್ಟೆಯ ಮೇಲೆ ಹೆಸರು ಹೊಲಿಸುವವರಾದರೂ ಯಾರು? ಕಾಲರು ಸವೆದ ರೀತಿ ನೋಡಿಯೇ ಅಂಗಿ ಯಾರದೆಂದು ನಾನು ಹೇಳುತ್ತಿದ್ದೆ.

ವಡೋದರಾಕ್ಕೆ ಬಂದು ಎರಡು ವರ್ಷವಾಯಿತು. ನಮ್ಮ ಮನೆಯವರು ಇಲ್ಲಿನ ಒಂದು ಬಾಸ್ಕೆಟ್‌ಬಾಲ್ ತಂಡದ ವ್ಯಾನು ಓಡಿಸುತ್ತಾರೆ. ಅದೇ ತಂಡದ ಬಟ್ಟೆಬರೆ ನೋಡಿಕೊಳ್ಳುವವಳು ನಾನು. ಆಡುವಾಗಿನ ಬನಿಯನ್ನಿನ ಮೇಲೆ ಹೆಸರು ಅಚ್ಚಾಗಿಯೇ ಬರುತ್ತದೆ. ಆಟಕ್ಕೆ ಮೊದಲು ಹಾಕಿಕೊಳ್ಳುವ ನೀಲಿ ಜಾಕೀಟಿಗೆ ಮಾತ್ರ ಬಿಳಿ ಅಕ್ಷರ ಕತ್ತರಿಸಿ ಕೈಯಿಂದ ಹೊಲಿಯಬೇಕು. ಊರು ಬಿಡುವಾಗ ಇದನ್ನೆಲ್ಲ ಹೇಳಿದರೆ ಬಾಜು ಅಂಗಡಿಯ ಗಂಗಕ್ಕ ನಂಬಿರಲಿಲ್ಲ. "ಚಂಡು ಆಡೂದಕ್ಕೂ ಪಗಾರ ಕೊಡ್ತಾರಂತ! ಹಂಗಾರ ನಮ್ಮ ಮನ್ಯಾಗ ಮೂರು ಮಂದಿ ಅದಾರ, ಕರಕೊಂಡ ಹೋಗವಾ" ಎಂದಿದ್ದಳು.

ನಮ್ಮನ್ನು ಇಲ್ಲಿಗೆ ಕರೆಸಿದವನು ಇದೇ ತಂಡದಲ್ಲಿ ಆಡುವ ಮುಸ್ತಾಕ. ಮಿಶ್ರಿಕೋಟಿಯ ಹುಡುಗ. ಹೈಸ್ಕೂಲಿಗೆಂದು ಸಂಶಿಯ ಸೋದರಮಾವನ ಮನೆಯಲ್ಲಿದ್ದ. ಆ ಮನೆ ನಮ್ಮ ಅಂಗಡಿಯ ಹಿಂದೆಯೇ ಇತ್ತು. ಜೂನಿನಲ್ಲಿ ಹೊಲಿದುಕೊಟ್ಟ ಪ್ಯಾಂಟು ದಸರೆಯ ಹೊತ್ತಿಗೆ ಅವನ ಕಾಲ್ಗೆಣ್ಣಿನ ಮೇಲಿರುತ್ತಿತ್ತು. ಅವನ ಬಟ್ಟೆಗೆ ನಾನು ನಾಲ್ಕು ಬೆರಳು ಒಳಗೆ ಮಡಚಿಟ್ಟೇ ಹೊಲಿಯುತ್ತಿದ್ದೆ. ಆ ಬಟ್ಟೆಯನ್ನೂ ತಿಂದು ಬೆಳೆದ. ಈಗ ಅವನಿಗೆ ಮೂವತ್ಮೂರು. ನಮ್ಮ ಬಾಗಿಲು ದಾಟುವಾಗ ಇವತ್ತಿಗೂ ಸೊಂಟ ಬಗ್ಗಿಸುತ್ತಾನೆ.

ಮನೆ ಎಂದರೆ ಹಳೆಯ ಪೇಟೆಯ ಓಣಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಮುಂದೆ ಕುಳಿತುಕೊಳ್ಳಲು ಕಟ್ಟೆ ಇದೆ. ಅದಕ್ಕೆ ಇಲ್ಲಿ ಓಟ್ಲೋ ಎನ್ನುತ್ತಾರೆ. ಮೊದಲ ತಿಂಗಳು ಆ ಕಟ್ಟೆಯೊಂದೇ ನನಗೆ ಗುರುತಿನದು ಅನಿಸುತ್ತಿತ್ತು. ಹಿಟ್ಟಿನ ಗಿರಣಿಗೆ ಘಂಟಿ ಅನ್ನುತ್ತಾರೆ. ಅಲ್ಲಿ ಜೋಳ ಬೀಸಿಸಿದರೆ ಹಿಟ್ಟಿನಲ್ಲಿ ಸಜ್ಜೆಯ ವಾಸನೆ ಬರುತ್ತದೆ, ಏಕೆಂದರೆ ಇವರು ತಿನ್ನುವುದು ಸಜ್ಜೆಯ ರೋಟ್ಲೋ. ಬ್ಯಾಳಿಗೆ ಬೆಲ್ಲ ಹಾಕುತ್ತಾರೆ. ಮೊದಲ ಸಲ ಉಂಡಾಗ, ಪಾಪ, ಯಾರೋ ತಪ್ಪಿ ಹಾಕಿದ್ದಾರೆಂದು ಸುಮ್ಮನೆ ಉಂಡಿದ್ದೆ. ಆಚೆಮನೆಯ ಅಜ್ಜಿ ನನ್ನ ಶೇಂಗಾ ಹಿಂಡಿ ಒಂದು ಚಿಟಿಕೆ ತಿಂದು ಎರಡು ಗ್ಲಾಸು ಛಾಸ್ ಕುಡಿದಳು. ಛಾಸ್ ಅಂದರೆ ಮಜ್ಜಿಗೆ. ಮರುದಿನ ಬಟ್ಟಲು ತಂದು ಮತ್ತೆ ಕೇಳಿದಳು. ಪರಊರಿನಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ಸಂಶಿಯ ಶಾಂತವ್ವ ಇಲ್ಲಿ ಶಾಂತಾಬೇನ್ ಆಗಿದ್ದೇನೆ. ಬೇನ್ ಎಂದರೆ ತಂಗಿ, ಅಕ್ಕ. ಸಂತೆಯಲ್ಲಿ ಬದನೆಕಾಯಿ ಮಾರುವವನಿಗೂ ನಾನು ಅಕ್ಕನೇ. ಆದರೆ ಇಷ್ಟು ಮಂದಿ ಅಕ್ಕಾ ಎಂದರೂ, "ಏನ ಶಾಂತವ್ವಾ, ಕಾಜಾ ಆತೇನ?" ಎಂದು ಬಾಗಿಲಲ್ಲಿ ನಿಂತು ಕೇಳುವ ಧ್ವನಿ ಇಲ್ಲ. ಆ ಕೊರತೆ ತುಂಬುತ್ತಿದ್ದವನು ಮುಸ್ತಾಕ. ರವಿವಾರ ಮಧ್ಯಾಹ್ನ ರೊಟ್ಟಿಗೆ ಬರುತ್ತಾನೆ. ನನಗೆ ವೈನಿ ಎನ್ನುತ್ತಾನೆ, ನಮ್ಮ ಮನೆಯವರಿಗೆ ಅಣ್ಣ. ವಾರವಿಡೀ ಹಿಂದಿಯಲ್ಲಿ ಬಿಗಿಹಿಡಿದ ನಾಲಿಗೆಯನ್ನು ಮೂವರೂ ಸಡಿಲ ಬಿಡುತ್ತೇವೆ.

ಹೋದ ಸಲದ ಲೀಗು ನಡುವೆಯೇ ನಿಂತಿತು. ನಡೆಸುವವರೊಳಗೇ ಏನೋ ತಕರಾರು ಎದ್ದು, ಆರು ಪಂದ್ಯ ಉಳಿದಿರುವಾಗಲೇ ಎಲ್ಲರಿಗೂ ಮನೆಗೆ ಹೋಗಿ ಎಂದರು. ಆಟಗಾರರು ಚೀಲ ಹೊತ್ತು ಹೋದರು. ಮುಸ್ತಾಕ ಮಾತ್ರ ಉಳಿದ. ಬಲಮೊಣಕಾಲು ಊದಿತ್ತು, ದಿನಾ ಅದಕ್ಕೆ ವ್ಯಾಯಾಮ ಮಾಡಿಸಬೇಕಿತ್ತು. "ಇನ್ನೊಂದ ಸೀಸನ್ ಇಟ್ಕೊಂಡ್ರ ಸಾಕ್ರಿ ವೈನಿ. ಅರ್ಧಾ ಆಡಿ ಬಿಟ್ಟಂಗ ಆಗೇತಿ. ಪೂರಾ ಆಡಿ, ಕೈ ಮುಗದು, ಮಿಶ್ರಿಕೋಟಿಗೆ ಹೋಗ್ತೀನಿ" ಎನ್ನುತ್ತಿದ್ದ. ಕಳೆದ ವಾರ ಲೀಗು ಮತ್ತೆ ಶುರುವಾಗುವ ಸುದ್ದಿ ಬಂತು. ಜೊತೆಗೆ ಇನ್ನೊಂದು ಮಾತೂ ಬಂತು: ಈ ಸಲ ಆಟಗಾರರು ಕಡಿಮೆ, ಜೋರಾಗಿ ಓಡುವವರು ಬೇಕು, ಮೂವತ್ತು ದಾಟಿದವರಲ್ಲಿ ಒಬ್ಬನನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಮೂವತ್ತು ದಾಟಿದವರು ಇಬ್ಬರು. ಒಬ್ಬ ಪಂಜಾಬಿನ ಕ್ಯಾಪ್ಟನ್, ಇನ್ನೊಬ್ಬ ಮುಸ್ತಾಕ.

ಇವತ್ತು ಬೆಳಿಗ್ಗೆ ತಂಡದ ಮ್ಯಾನೇಜರ್ ಪರೇಶಭಾಯ್ ಒಂದು ಗಂಟು ತಂದಿಟ್ಟರು. ಮೇಲೊಂದು ಚೀಟಿ, ಅದರಲ್ಲಿ ಐದು ನಂಬರು. "ಈ ಐದು ಹೆಸರು ತೆಗೆದುಬಿಡಿ ಶಾಂತಾಬೇನ್, ಹೊಸಬರ ಹೆಸರು ಆಮೇಲೆ ಕೊಡುತ್ತೇನೆ" ಎಂದರು. ಗಂಟು ಬಿಚ್ಚಿದರೆ ನಾಲ್ಕೇ ಜಾಕೀಟು. ಮತ್ತೆ ಚೀಟಿ ನೋಡಿದೆ. ಇಲ್ಲದ್ದು ಹನ್ನೊಂದು, ಮುಸ್ತಾಕನದು.

ಪರೇಶಭಾಯ್ ನನ್ನ ಮುಖ ನೋಡಲಿಲ್ಲ. "ಅದು ಅವನ ಮೈಮೇಲೇ ಇದೆ. ಸಂಜೆ ಐದಕ್ಕೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನಲ್ಲ, ಒಗೆಯಲು ಬೇಕು ಅಂತ ಹೇಳಿ ಇಸಿದುಕೊಂಡುಬಿಡಿ." ಕೆಟ್ಟ ಮನುಷ್ಯನಲ್ಲ. ಮಾಡಿಕೊಟ್ಟ ಚಹಾ ಹಾಗೇ ಬಿಟ್ಟು ಹೋದರು.

ನಾಲ್ಕನ್ನು ಬಿಚ್ಚಿದೆ. ದಾರ ಕಿತ್ತ ಮೇಲೂ ಅಕ್ಷರ ಇದ್ದ ಜಾಗ ಗಾಢ ನೀಲಿಯಾಗಿಯೇ ಉಳಿಯುತ್ತದೆ. ಸುತ್ತಲಿನ ಬಟ್ಟೆ ಬಿಸಿಲಿಗೆ ಮಾಸಿರುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಮಡಚಿ, ಮೇಲೊಂದು ಹಾಸಿಗೆಹೊದಿಕೆ ಮುಚ್ಚಿಟ್ಟೆ.

ಒಂದಕ್ಕೆ ಮುಸ್ತಾಕ ಬಂದ. ಮೈಮೇಲೆ ಅದೇ ಜಾಕೀಟು.

"ವೈನಿ, ಮೊದ್ಲ ಇದರ ಚೈನ ನೋಡ್ರಿ. ಕೆಳಗ ಹೊಲಿಗಿ ಬಿಟ್ಟೈತಿ. ತಗದು ಕೊಡ್ಲೇನು?"

ಕೈಗೇ ಬಂದು ಬಿದ್ದಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಸಹ ಹೇಳಬೇಕಿರಲಿಲ್ಲ. ಆದರೆ ಅವನು ತೋಳು ಬಿಚ್ಚತೊಡಗಿದ್ದನ್ನು ಕಂಡು ನನ್ನ ಬಾಯಿಂದ ಬೇರೆಯೇ ಮಾತು ಬಂತು. "ಇರ್ಲಿ ಬಿಡೋ. ಮೈಮ್ಯಾಗಿದ್ದಂಗ ನಾಕ ಹೊಲಿಗಿ ಹಾಕ್ತೀನಿ. ಕೂಡು ಅಲ್ಲೆ."

ಮಣೆಯ ಮೇಲೆ ಕುಳಿತ. ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ತೊಳೆದು ಕೊಟ್ಟೆ. ಮೈಮೇಲಿನ ಬಟ್ಟೆಗೆ ಸೂಜಿ ಹಾಕುವಾಗ ನಮ್ಮ ಕಡೆ ಬಾಯಲ್ಲಿ ಕಡ್ಡಿ ಕಚ್ಚಿಸುತ್ತಾರೆ, ಹೊಲಿದು ಮುಗಿಯುವ ತನಕ ಮಾತಾಡಬಾರದು. ನನ್ನವ್ವ ಕಚ್ಚಿಸುತ್ತಿದ್ದಳು, ಅವನ ಅಮ್ಮಾನೂ ಕಚ್ಚಿಸಿರಬೇಕು. ಕಂಡವನೇ ನಕ್ಕ.

"ಇಷ್ಟ ದೊಡ್ಡಾಂವಗೂ ಕಡ್ಡಿ ಏನ್ರಿ?"

"ನಿನ್ನ ಅಳತಿಗೆ ಪೂರಾ ಕಸಬರಿಗಿ ಕಚ್ಚಸಬೇಕಿತ್ತು. ಸುಮ್ನ ಕಚ್ಚು."

ಕಚ್ಚಿದ. ನಾನು ದಾರ ಪೋಣಿಸಿ ಮೊದಲ ಹೊಲಿಗೆ ಹಾಕಿದೆ. ಎರಡನೆಯದು ಹಾಕಿದೆ. ಮೂರನೆಯದಕ್ಕೆ ಸೂಜಿ ಒಳಗೆ ಬಿಟ್ಟು, ತಲೆ ಎತ್ತದೆ ಹೇಳಿದೆ.

"ಮುಸ್ತಾಕ, ಮುಂಜಾನೆ ಪರೇಶಭಾಯ್ ಚೀಟಿ ಕೊಟ್ಟು ಹೋಗ್ಯಾರ. ಐದ ಹೆಸರ ಬಿಚ್ಚಂದಾರ. ನಾಕ ಬಿಚ್ಚೀನಿ. ಐದನೇದು ನಿಂದೈತಪಾ."

ಜಾಕೀಟಿನೊಳಗಿನ ಉಸಿರು ನಿಂತದ್ದು ನನ್ನ ಬೆರಳಿಗೆ ಗೊತ್ತಾಯಿತು. ಆಮೇಲೆ ಮತ್ತೆ ಶುರುವಾಯಿತು. ನಾಲ್ಕನೆಯ ಹೊಲಿಗೆ ಹಾಕಿ, ಗಂಟು ಹಾಕಿ, ದಾರ ಕಚ್ಚಿ ಹರಿದೆ. ಕೆಲಸ ಮುಗಿದಿತ್ತು. ಅವನು ಕಡ್ಡಿ ತೆಗೆಯಲಿಲ್ಲ. ನಾನು ಎದ್ದು ತವೆ ಇಟ್ಟೆ. ಎರಡು ರೊಟ್ಟಿ ಬಡಿದು ಬೇಯಿಸುವ ತನಕ ಹಾಗೇ ಕುಳಿತಿದ್ದ, ಊದಿದ ಮೊಣಕಾಲ ಮೇಲೆ ಎರಡೂ ಕೈಯಿಟ್ಟು.

ಆಮೇಲೆ ಕಡ್ಡಿಯನ್ನು ಕಿಸೆಗೆ ಹಾಕಿಕೊಂಡು, ಜಾಕೀಟು ತೆಗೆದ. "ಬ್ಲೇಡ ಕೊಡ್ರಿ ವೈನಿ. ನಂದ ನಾನ ಬಿಚ್ಚತೀನಿ."

"ಅರಿವಿ ಹರದೀಯೋ."

"ಹೆಂಗಂತ ತೋರಸ್ರಿ."

ಹಿಟ್ಟಿನ ಕೈಯಲ್ಲೇ ತೋರಿಸಿದೆ. ಅಕ್ಷರ ಎತ್ತಿ ಹಿಡಿ, ಅಡಿಯ ದಾರವನ್ನಷ್ಟೇ ತಾಗಿಸು, ಎಳೆಯಬೇಡ. ಇಡೀ ಚೆಂಡು ಒಂದೇ ಕೈಯಲ್ಲಿ ಹಿಡಿಯುವ ಬೆರಳುಗಳು ಆ ದಾರವನ್ನು ಹುಡುಕಿ ಹುಡುಕಿ ಕತ್ತರಿಸಿದವು. ಬಟ್ಟೆಗೆ ಒಂದು ಗೀರೂ ಬೀಳಲಿಲ್ಲ. ಬಿಚ್ಚಿದ ಅಕ್ಷರಗಳನ್ನು ಮಷಿನ್ನಿನ ಹಲಗೆಯ ಮೇಲೆ ಸಾಲಾಗಿ ಇಟ್ಟ.

ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ಸ್ಟೇಶನ್ನಿನಿಂದ ಹೊಸ ಆಟಗಾರನೊಬ್ಬನನ್ನು ಕರೆತಂದು ಬಿಟ್ಟು ಬಂದಿದ್ದರು. "ಏನಲೇ, ಹೊಲಿಗಿ ಕಲ್ಯಾಕ ಹತ್ತೀಯೇನ?" ಎಂದು ನಗುತ್ತ ಒಳಗೆ ಕಾಲಿಟ್ಟವರು, ಸಾಲಿಟ್ಟ ಅಕ್ಷರ ಕಂಡು ಅಲ್ಲೇ ಚಪ್ಪಲಿ ಬಿಟ್ಟು ನಿಂತರು.

ಮುಸ್ತಾಕನೇ ಕೇಳಿದ. "ಅಣ್ಣಾ, ಹೊಸಬ ಹೆಂಗದಾನ?"

"ಇಪ್ಪತ್ತೊಂದಂತಪ. ಎತ್ತರ ಐತಿ, ಮೈಯಾಗ ಏನಿಲ್ಲ. ನಿನ್ನ ಜಾಕೀಟಿನ್ಯಾಗ ಅಂಥಾವರು ಇಬ್ಬರು ಹಿಡೀತಾರ."

ಮುಸ್ತಾಕ ಜಾಕೀಟು ಮಡಚಿ ನನ್ನ ಕೈಗೆ ಕೊಟ್ಟ. "ಸಣ್ಣದು ಮಾಡೂಮುಂದ ಕತ್ತರಸಬ್ಯಾಡ್ರಿ ವೈನಿ. ಒಳಗ ಬಟ್ಟಿ ಬಿಟ್ಟು ಹೊಲೀರಿ. ಇನ್ನೂ ಬೆಳೀತಾನ."

ನಾನು ಒಲೆಯ ಕಡೆ ತಿರುಗಿದೆ. ರೊಟ್ಟಿ ಹೊತ್ತಿತ್ತು.

ಐದಕ್ಕೆ ಫೋನು ಬಂದಾಗ ಈಗಷ್ಟೇ ಕೇಳಿದವನಂತೆ ಮಾತಾಡುತ್ತೇನೆ ಎಂದಿದ್ದಾನೆ, ನನ್ನ ಮೇಲೆ ಮಾತು ಬರಬಾರದೆಂದು. ಬುಧವಾರದ ಗಾಡಿಗೆ ಹೊರಡುತ್ತಾನಂತೆ. ಹುಬ್ಬಳ್ಳಿಗೆ ಇಳಿದು ಮಿಶ್ರಿಕೋಟಿಯ ಬಸ್ಸು ಹತ್ತುತ್ತಾನೆ, ಒಂದು ದಿನ ಸಂಶಿಗೂ ಹೋಗಿ ಬರುತ್ತಾನೆ. "ಅಂಗಡಿ ಕೀಲಿಕೈ ಕೊಟ್ಟಿರ್ರಿ, ಬಾಗಲಾ ತಗದು ಗಾಳಿ ಆಡಸ್ತೀನಿ" ಎಂದ. ಡಬ್ಬಿಯಿಂದ ಕೀಲಿಕೈ ತೆಗೆದೆ. ಮಷಿನ್ನಿನ ಮೇಲೆ, ಅವನ ಅಕ್ಷರಗಳ ಬಾಜು ಇಟ್ಟೆ. ಕೊಡಲೂ ಇಲ್ಲ, ಒಲ್ಲೆ ಅನ್ನಲೂ ಇಲ್ಲ. ನಮ್ಮನ್ನು ಕರೆತಂದವನು ಊರಿಗೆ ಹೋಗುತ್ತಿದ್ದಾನೆ. ನಾವು, ಹೊಸ ಹೆಸರು ಹೊಲಿಯುವುದಿದೆ ಎಂದು, ಇಲ್ಲಿರುತ್ತೇವೆ. ಸಂಶಿಯಲ್ಲಿ ಕೂತು ಇದನ್ನು ಓದುವವರು ನಮ್ಮನ್ನು ಯಾವ ಊರಿನವರೆಂದು ಕರೆಯುತ್ತೀರೋ ನನಗೆ ತಿಳಿಯದು. ಇಲ್ಲಿ ಹೊರಡುವವರಿಗೆ ಆವ್ಜೋ ಎನ್ನುತ್ತಾರೆ, ಬರ್ರಿ ಅಂದಹಾಗೆ. ಬುಧವಾರ ನಾನೂ ಹಾಗೇ ಅನ್ನಬೇಕು.

ಊಟಕ್ಕೆ ಜೋಳದ ರೊಟ್ಟಿ, ಮಡಿಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಆಚೆಮನೆಯ ಅಜ್ಜಿ ಕಳಿಸಿದ ಸಿಹಿ ಬ್ಯಾಳಿಯೂ ಇತ್ತು, ಅದನ್ನು ಮೂವರೂ ಮುಗಿಸಿದೆವು. ಮುಸ್ತಾಕ ಐದು ರೊಟ್ಟಿ ಉಂಡ, ಹೊತ್ತಿದ್ದನ್ನೂ ಬೇಡಿ ಹಾಕಿಸಿಕೊಂಡ. ಉಂಡವನು ಚಾಪೆಯ ಮೇಲೆ ಅಡ್ಡಾದ. ಕೋಣೆ ಸಾಲದೆ ಕಾಲು ಹೊಸ್ತಿಲು ದಾಟಿ ಓಟ್ಲೋ ತನಕ ಹೋದವು. ಎಲ್ಲರಿಗಿಂತ ಮೊದಲು ನಿದ್ದೆ ಹತ್ತಿದ್ದು ಅವನಿಗೇ.