ಕುಂಬಳಕಾಯಿಗೆ ಮೊದಲ ಚಾಕು

ಹಿಮಾಯತ್‌ನಗರದ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಆ ವರ್ಷ ದೆವ್ವದ ಪಾರ್ಟಿ ಬೇಕಾಗಿತ್ತು. ಶಾಲೆಯಲ್ಲಿ ಹಿಡಿದ ಹುಚ್ಚು ಮನೆಯವರೆಗೂ ಬಂದಿತ್ತು. ಟೆರೇಸಿಗೆ ಕಪ್ಪು ಕಾಗದ ಅಂಟಿಸುವುದು ಒಬ್ಬರ ಪಾಲು, ಮಕ್ಕಳ ಮುಖಕ್ಕೆ ಬಣ್ಣ ಬಳಿಯುವುದು ಇನ್ನೊಬ್ಬರ ಪಾಲು, ಸಿಹಿತಿಂಡಿ ನನ್ನ ಪಾಲು. ಓವನ್ ಇದ್ದದ್ದು ನಮ್ಮ ಮನೆಯಲ್ಲಿ, ರಜೆ ಹಾಕಿ ಮನೆಯಲ್ಲಿ ಕೂತವಳೂ ನಾನೇ. ಮೇಲಿನ ಮನೆಯ ತೆಲುಗು ಆಂಟಿ ಬಂದು ಕೇಳಿದಾಗ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ನನಗೆ ಆಗ ಏಳು ತಿಂಗಳು. ಹಿಂದಿನದು ಐದನೇ ತಿಂಗಳಿಗೇ ಹೋಗಿಬಿಟ್ಟಿತ್ತು. ಈ ಸಲ ಹಾಗಾಗಬಾರದೆಂದು ಅವ್ವ ರಾಯಚೂರಿನಿಂದ ಬಂದು ನಮ್ಮಲ್ಲೇ ಬೀಡುಬಿಟ್ಟಿದ್ದಳು. ನಾನು ಹೊರಗೆ ಭಾರೀ ಧೈರ್ಯವಂತೆ. ಒಳಗಿನ ಕಥೆಯೇ ಬೇರೆ. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆಯ ಮೇಲೆ ರಕ್ತವೇನಾದರೂ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಇಲ್ಲವೆಂದು ಗೊತ್ತಾದ ಮೇಲೂ ಇನ್ನೊಮ್ಮೆ ನೋಡುತ್ತಿದ್ದೆ. ಅಂಥವಳು ಅವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಹಣ್ಣಿನ ಜಾಮ್‌ಗೆ ನೀರು ಬೆರೆಸಿ ರಕ್ತ ಮಾಡುತ್ತಿದ್ದೆ.

ಗೋಧಿಹಿಟ್ಟು, ಬೆಲ್ಲ, ತುಪ್ಪ ಕಲಸಿ ಬೆರಳಿನ ಹಾಗೆ ಹೊಸೆದು, ಗೆಣ್ಣಿನ ಜಾಗದಲ್ಲಿ ಚಾಕುವಿನಿಂದ ಗೆರೆ ಎಳೆದು, ತುದಿಗೆ ಉಗುರೆಂದು ಬಾದಾಮಿ ಒತ್ತಿ ಬೇಯಿಸಿದೆ. ಬುಡಕ್ಕೆ ಜಾಮ್ ಹಚ್ಚಿದಾಗ ಈಗಷ್ಟೇ ಕತ್ತರಿಸಿಕೊಂಡು ಬಂದಂತೆ ಕಾಣುತ್ತಿತ್ತು. ಹಾಲು ಒಡೆಸಿ ರಸಗುಲ್ಲಾ ಮಾಡಿ, ಪ್ರತಿಯೊಂದಕ್ಕೂ ಒಂದು ಕಪ್ಪು ದ್ರಾಕ್ಷಿ ಹುದುಗಿಸಿ, ಸುತ್ತ ಕೆಂಪು ನರ ಬಿಡಿಸಿದೆ. ಬಟ್ಟಲ ತುಂಬ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಅವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಸರಿ ಹೆಂಗಸು, ಮನಿಯಾಗ ಹೆಣದ ಬೆರಳು ಮಾಡಾಕತ್ತೀಯಲ್ಲ, ನಿನಗೇನರ ಬುದ್ಧಿ ಐತೇನು?"

"ಹೆಣದ್ದಲ್ಲ ಬೇ ಅವ್ವ, ಮಾಟಗಾತೀದು."

"ಅದು ಇನ್ನಾ ಚಲೋ ಆತು ನೋಡು!"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಉಳಿದದ್ದು ಕುಂಬಳಕಾಯಿ. ಅದರ ತಿರುಳು ತೆಗೆದು ಹಲ್ವಾ ಮಾಡಿ, ಸಿಪ್ಪೆಗೆ ಕಣ್ಣು ಬಾಯಿ ಕೊರೆದು, ಹಲ್ವಾವನ್ನು ಅದರ ತಲೆಯೊಳಗೇ ತುಂಬಿ ಕೊಡುವುದೆಂದು ಆಂಟಿಗೆ ಮಾತು ಕೊಟ್ಟಿದ್ದೆ. ಸ್ನಾನ ಮಾಡಿ ಬಂದು ಕಾಯಿಯನ್ನು ತೊಳೆದು ಒರೆಸಿದೆ. ಮುಖ ಯಾವ ಕಡೆ ಬರೆಯಲಿ ಎಂದು ತಿರುಗಿಸಿ, ಬುಡ ಮೇಲೆ ಮಾಡಿ ನೋಡಿದೆ. ಎಲ್ಲೂ ಒಂದು ಗೀರಿಲ್ಲದ ಚೆಂದದ ಕಾಯಿ. ಚಾಕು ಕೈಗೆ ತಗೊಳ್ಳುತ್ತಿದ್ದಂತೆ ಅವ್ವ ಬಂದು ಮಣಿಕಟ್ಟು ಹಿಡಿದಳು.

"ಇಡೀ ಕುಂಬಳಕಾಯಿ ಒಡಿಯೂದು ಗಂಡಸರ ಕೆಲಸ. ಅವರು ಒಂದು ಏಟು ಹಾಕಿದ ಮ್ಯಾಲೆ ನಾವು ಹೆಚ್ಚೂದು. ನೀ ಅಂತೂ ಮುಟ್ಟಾಕ ಬ್ಯಾಡ. ಅದು ಹೊಟ್ಟಿಯಾಗಿನ ಕೂಸು ಇದ್ದಂಗ."

ಈ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ತವರಿನಲ್ಲಿ ಅಪ್ಪ ಊರಲ್ಲಿಲ್ಲದಿದ್ದರೆ ಕುಂಬಳಕಾಯಿ ವಾರಗಟ್ಟಲೆ ಮೂಲೆಯಲ್ಲಿ ಕೂತಿರುತ್ತಿತ್ತು. ಆದರೆ ಅವತ್ತು ಸಂಜೆಯೊಳಗೆ ಹಲ್ವಾ ಆಗಬೇಕಿತ್ತು, ನಮ್ಮವರು ಬಾಲಾನಗರದ ಕಾರ್ಖಾನೆಗೆ ಬೆಳಿಗ್ಗೆಯೇ ಹೋಗಿದ್ದರು. ವಾಚ್‌ಮನ್ ಔಷಧಿ ತರಲು ಕೋಠಿ ಪೇಟೆಗೆ ಹೋಗಿದ್ದ. ಅವ್ವ ಸುಮ್ಮನಿರಲಿಲ್ಲ. ಪಾರ್ಸೆಲ್ ಕೊಡಲು ಬಂದವನನ್ನು ಬಾಗಿಲಲ್ಲೇ ತಡೆದು, "ಭಯ್ಯಾ, ಜರಾ ಏ ಕಾಟೋ" ಎಂದು ಹರಕು ಹಿಂದಿಯಲ್ಲಿ ಕಾಯಿ ಕೊಯ್ದು ಕೊಡಲು ಹೇಳಿ ಚಾಕು ಚಾಚಿದಳು. ಅವನು ಚಾಕು ನೋಡಿದ, ಒಳಗೆ ಮೇಜಿನ ಮೇಲಿದ್ದ ಬೆರಳು ನೋಡಿದ, ಸಹಿ ಕೂಡ ಕೇಳದೆ ಮೆಟ್ಟಿಲಿಳಿದು ಓಡಿದ.

ನಾಚಿಕೆಯ ಜೊತೆಗೆ ನನ್ನ ಪಿತ್ತವೂ ನೆತ್ತಿಗೇರಿತು. ವಾಚ್‌ಮನ್ ಬಂದನೇನೋ ಎಂದು ನೋಡಲು ಅವ್ವ ಬಾಲ್ಕನಿಗೆ ಹೋದಾಗ ನಾನು ಕಾಯಿಗೆ ಚಾಕು ಹಾಕಿಯೇಬಿಟ್ಟೆ. ಗಟ್ಟಿ ಸಿಪ್ಪೆ, ಎರಡೂ ಕೈಯಿಂದ ಒತ್ತಬೇಕಾಯಿತು. ಮುಚ್ಚಳ ಎದ್ದಾಗ ಕೈ ಒಳಗೆ ಹಾಕಿ ಎಳೆದೆ. ಒದ್ದೆ ನಾರು, ಬೀಜ ಎಲ್ಲ ಮುಷ್ಟಿ ತುಂಬ ಬಂದವು. ಆಗ ಹೆದರಿದೆ. ಹಿಂದಿನ ಸಲ ಆಸ್ಪತ್ರೆಯಲ್ಲಿ ಆದದ್ದೆಲ್ಲ ನೆನಪಾಯಿತು.

ಅವ್ವ ಬಂದು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ದೇವರ ಮುಂದೆ ದೀಪ ಹಚ್ಚಿ ಬಂದು, ನನ್ನ ಪಕ್ಕ ಕೂತು ತಿರುಳು ತುರಿಯತೊಡಗಿದಳು.

ಸಂಜೆ ಆಂಟಿ ಬಂದು ಬೆರಳುಗಳನ್ನೂ ಹಲ್ವಾ ತುಂಬಿದ ತಲೆಯನ್ನೂ ಮೇಲೆ ಒಯ್ದರು. ಕಣ್ಣುಗಳಲ್ಲಿ ಅರ್ಧ ಒಯ್ದು, ತಟ್ಟೆ ತುಂಬಿತೆಂದು ಅರ್ಧ ಬಿಟ್ಟು ಹೋದರು. ಕಾಲು ಚಾಚಿ ಕೂತ ಮೇಲೆ ನನಗೆ ತಿಳಿಯಿತು: ಮಧ್ಯಾಹ್ನದಿಂದ ಮಗು ಒದ್ದಿಲ್ಲ. ಊಟವಾದ ಕೂಡಲೇ ಒದೆಯುವುದು ಅದರ ರೂಢಿ. ಕೆಲಸದ ಗಡಿಬಿಡಿಯಲ್ಲಿ ಗಮನಿಸಲಿಲ್ಲವೋ, ಅದೇ ಒದೆಯಲಿಲ್ಲವೋ, ನೆನಪು ಮಾಡಿಕೊಂಡಷ್ಟೂ ಗೊತ್ತಾಗಲಿಲ್ಲ. ಹೊಟ್ಟೆ ತಟ್ಟಿದೆ. ತಣ್ಣೀರು ಕುಡಿದೆ. "ಏ, ಒಂದು ಸಲ ಒದಿಯೇ" ಎಂದು ಬಾಯಿಬಿಟ್ಟು ಕೇಳಿಕೊಂಡೆ. ಏನೂ ಇಲ್ಲ.

ಚಾಕು ಹಾಕಿದ ಕೈಯೇ ಹೊಟ್ಟೆಯ ಮೇಲಿತ್ತು. ಓದಿದ್ದೆಲ್ಲ, ಅವ್ವನ ಜೊತೆ ವಾದಿಸಿದ್ದೆಲ್ಲ ಎಲ್ಲಿ ಹೋಯಿತೋ. ನಾನೇ ಕೊಂದೆ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸ್ ತೆಲುಗಿನಲ್ಲಿ ಸಮಾಧಾನವಾಗಿ ಹೇಳಿದಳು: ಏನಾದರೂ ಸಿಹಿ ತಿಂದು ಎಡಮಗ್ಗುಲಾಗಿ ಮಲಗಿ ನೋಡಿ, ಆಸ್ಪತ್ರೆಗಂತೂ ಹೊರಡಿ. ನಮ್ಮವರು ಬರುವ ದಾರಿಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಆಟೋ ತರಲು ವಾಚ್‌ಮನ್ ಓಡಿದ. ಟೆರೇಸಿನ ಮೇಲೆ ಮಕ್ಕಳು ದೆವ್ವದ ದನಿ ತೆಗೆದು ಕಿರುಚುತ್ತಿದ್ದವು. ನಾನು ಮಂಚದ ಮೇಲೆ ಎಡಕ್ಕೆ ಹೊರಳಿ ಮಲಗಿ, ಉಸಿರು ಜೋರಾಗಿ ಬಿಟ್ಟರೆ ಒದೆತ ತಪ್ಪಿಹೋಗುತ್ತದೇನೋ ಎಂದು ಉಸಿರು ಹಿಡಿದಿದ್ದೆ.

ಅವ್ವ ಸಕ್ಕರೆ ಡಬ್ಬಿ ತೆರೆದಳು. ಖಾಲಿ. ಸಕ್ಕರೆ, ಬೆಲ್ಲ ಇದ್ದದ್ದೆಲ್ಲ ದೆವ್ವಗಳಿಗೆ ಹೋಗಿತ್ತು. ಮನೆಯಲ್ಲಿ ಉಳಿದ ಸಿಹಿ ಎಂದರೆ ಆ ಕಣ್ಣುಗಳೇ. ಬೆಳಿಗ್ಗೆಯಿಂದ ಅವುಗಳ ಕಡೆ ತಿರುಗಿಯೂ ನೋಡದವಳು ಬಟ್ಟಲು ತಂದು ನನ್ನ ತಲೆಯ ಹತ್ತಿರ ಕೂತಳು. ಒಂದನ್ನು ತೆಗೆದುಕೊಂಡು, ದ್ರಾಕ್ಷಿ ಕಿತ್ತು ಬಿಸಾಡಿ, ಕೆಂಪು ನರಗಳನ್ನು ಸೆರಗಿನಿಂದ ಒರೆಸಿದಳು. ಬರೀ ರಸಗುಲ್ಲಾ ಆಯಿತು. ಅದನ್ನು ನನ್ನ ಬಾಯಿಗಿಟ್ಟಳು.

"ಅವ್ವ, ನಾ ಅದನ್ನ ಕೊಯ್ಯಬಾರದಿತ್ತು," ಎಂದೆ. ಅಳು ತಡೆಯಲಾಗಲಿಲ್ಲ.

"ನೀ ಎಲ್ಲಿ ಕೊಯ್ದಿ?" ಎಂದಳು, ಬಟ್ಟಲಿನ ಇನ್ನೊಂದು ಕಣ್ಣು ಒರೆಸುತ್ತ. "ನೀ ಜಳಕಕ್ಕ ಹೋದಾಗ ನಾನಾ ಬುಡಕ್ಕ ಚಾಕು ಹಾಕೀನಿ. ಮೊದಲ ಹಾಕಿದಾಕಿ ನಾನು. ಏನರ ಬರೂದಿದ್ರ ನನಗ ಬರತೈತಿ, ನಿನಗಲ್ಲ. ತಿನ್ನು ನನ್ನವ್ವ."

ತಿಂದೆ. ಇನ್ನೊಂದು ತಿಂದೆ. ಕೆಳಗೆ ಆಟೋ ಹಾರ್ನ್ ಹೊಡೆಯಿತು. ಏಳಬೇಕೆಂದು ಕೈ ಊರುವಾಗ ಪಕ್ಕೆಲುಬಿನ ಕೆಳಗೆ ಒಂದು ಒದೆ ಬಿತ್ತು. ಸಣ್ಣದಲ್ಲ, ಸಿಟ್ಟಿಗೆದ್ದವರ ಒದೆ. ಅವ್ವನ ಕೈ ಹಿಡಿದು ಅಲ್ಲಿಗೆ ಒತ್ತಿದೆ. ಇನ್ನೊಂದು ಒದೆ ಅವಳ ಅಂಗೈಗೇ ಬಿತ್ತು. ಅವ್ವ ಬಟ್ಟಲು ಕೆಳಗಿಟ್ಟು ಗೋಡೆಗೆ ತಲೆ ಆನಿಸಿ ಅತ್ತಳು. ಅವಳು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಅಪ್ಪ ಹೋದಾಗಲೂ ನೋಡಿರಲಿಲ್ಲ.

ಆದರೂ ಆಸ್ಪತ್ರೆಗೆ ಹೋದೆವು. ಮಗುವಿನ ಎದೆಬಡಿತ ಕೇಳಿಸಿ, ಎಲ್ಲ ಸರಿಯಾಗಿದೆ ಎಂದು ಕಳಿಸಿದರು. ಚಳಿಗಾಲ ಮುಗಿಯುವ ಮೊದಲು ಮಗಳು ಹುಟ್ಟಿದಳು.

ಆ ಕಾಯಿಯನ್ನು ನಾನೇ ತೊಳೆದು, ಬುಡ ಮೇಲೆ ಮಾಡಿ ನೋಡಿದ್ದೆ. ಜಳಕ ಮಾಡಿ ಬಂದ ಮೇಲೆಯೇ ನೋಡಿದ್ದು. ಅದರ ಮೇಲೆ ಚಾಕುವಿನ ಗುರುತಿರಲಿಲ್ಲ. ಕುಂಬಳಕಾಯಿಗೆ ಅಷ್ಟು ಹೆದರುವವಳು ಅದರ ಕೇಡನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳಲು ಸುಳ್ಳು ಹೇಳಿದ್ದಳು. ಈ ಮಾತನ್ನು ನಾನು ಅವಳ ಮುಂದೆ ಎತ್ತಿಲ್ಲ.

ಈಗ ದೆವ್ವದ ಪಾರ್ಟಿ ಬೇಕೆನ್ನುವವಳು ನನ್ನ ಮಗಳೇ. ಪ್ರತಿವರ್ಷ ಅವ್ವ ಆ ದಿನ ಬೆಳಿಗ್ಗೆ ರಾಯಚೂರಿನಿಂದ ಫೋನ್ ಮಾಡುತ್ತಾಳೆ. ಬೇರೆಲ್ಲ ಮಾತಾಡಿ ಕೊನೆಗೆ, "ಕಾಯಿ ಯಾರು ಒಡದ್ರು?" ಎಂದು ಕೇಳುತ್ತಾಳೆ.

"ನಿನ್ನ ಅಳಿಯಾನ ಒಡದು ಹೋಗ್ಯಾನ ಬೇ," ಎನ್ನುತ್ತೇನೆ.

ಇಡೀ ಕಾಯಿ ನನ್ನ ಮುಂದೆಯೇ ಇರುತ್ತದೆ. ಫೋನ್ ಇಟ್ಟು ಚಾಕು ತಗೊಳ್ಳುತ್ತೇನೆ. ಹಾಕುವ ಮೊದಲು ಮಗಳನ್ನು ಒಮ್ಮೆ ಕೂಗುತ್ತೇನೆ. ಅವಳು ಒಳಗಿನಿಂದ "ಏನಮ್ಮಾ?" ಎಂದ ಮೇಲೆಯೇ ಹಾಕುತ್ತೇನೆ.