ಮಾತು ತುಂಡಾಗಲು ಬಿಡದ ನೋರಾ

ನೋರಾ ರಸ್ತೆಯಲ್ಲಿ ನಡೆಯುವಾಗ ನೆಲ ನೋಡುತ್ತಿರಲಿಲ್ಲ. ತಲೆ ಎತ್ತಿ, ಕಂಬದಿಂದ ಕಂಬಕ್ಕೆ ಹೋಗುವ ಕೇಬಲ್ಲುಗಳ ಹಿಂದೆಯೇ ನಡೆಯುತ್ತಿದ್ದಳು. ಮಲವಗೊಪ್ಪದ ನಮ್ಮ ಬೀದಿಯವರು ಮೊದಮೊದಲು ಅವಳನ್ನು ಹಕ್ಕಿ ನೋಡಲು ಬಂದವಳೆಂದೇ ತಿಳಿದಿದ್ದರು. ಎದುರು ಮನೆಯವರು ಕರೆದು, "ಅಲ್ಲಿ ಗಿಳಿ ಕೂತಿದೆ ಮೇಡಂ" ಎಂದು ತೋರಿಸಿಯೂ ಇದ್ದರು. ನೋರಾ ಗಿಳಿಗೆ ಕೈಮುಗಿದು ಮುಂದಿನ ಕಂಬಕ್ಕೆ ಹೋದಳು.

ಐರ್ಲೆಂಡಿನವಳು. ಅವಳ ಗಂಡ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸಲು ಬಂದಿದ್ದ. ಅವನ ಜೊತೆ ಬಂದ ನೋರಾ ನಮ್ಮ ಮಹಡಿಯನ್ನು ಬಾಡಿಗೆಗೆ ಹಿಡಿದಳು. ನನಗಿಂತ ದೊಡ್ಡವಳು. ಆದರೆ "ನೀವು" ಅಂದರೆ ಬೆನ್ನ ಹಿಂದೆ ತಿರುಗಿ ನೋಡಿ, "ಇನ್ನೊಬ್ಬರು ಯಾರು?" ಎನ್ನುತ್ತಿದ್ದಳು. ಹಾಗಾಗಿ ಏಕವಚನವೇ ಉಳಿಯಿತು. ಕನ್ನಡವನ್ನು ನನ್ನ ಅಮ್ಮನಿಂದ, ತರಕಾರಿ ಗಾಡಿಯವನಿಂದ ಕಲಿತಳು. ಮನುಷ್ಯರೂ ದನಗಳೂ ಅವಳ ಬಾಯಲ್ಲಿ "ಅದು" ಆಗಿಬಿಡುತ್ತಿದ್ದರು. "ಸುಮಾ, ಲೈನ್‌ಮ್ಯಾನ್ ಬಂತಾ ಮಾರಾಯ್ತಿ?"

ತನ್ನ ಕೆಲಸವನ್ನೂ ಅವಳು ಜೊತೆಯಲ್ಲೇ ತಂದಿದ್ದಳು. ಅವಳ ದೇಶದ ಕಾಲೇಜುಗಳಲ್ಲಿ ಕಿವಿ ಕೇಳಿಸದ ವಿದ್ಯಾರ್ಥಿಗಳಿರುತ್ತಾರೆ. ಅಲ್ಲಿ ಮೇಷ್ಟ್ರು ಪಾಠ ಮಾಡುತ್ತಿದ್ದಂತೆ ಆ ಮಾತು ಇಂಟರ್‌ನೆಟ್ಟಿನಲ್ಲಿ ನಮ್ಮ ಮಹಡಿಗೆ ಬರುತ್ತಿತ್ತು. ನೋರಾ ಅದನ್ನು ಕೇಳುತ್ತಲೇ, ಅಕ್ಷರಗಳೇ ಇಲ್ಲದ ಕೆಲವೇ ಕೀಲಿಗಳ ಒಂದು ಪುಟ್ಟ ಯಂತ್ರವನ್ನು ಹಾರ್ಮೋನಿಯಂ ಒತ್ತಿದ ಹಾಗೆ ಒತ್ತುತ್ತಿದ್ದಳು. ಅಲ್ಲಿ ವಿದ್ಯಾರ್ಥಿಯ ಪರದೆಯ ಮೇಲೆ ಸಾಲು ಸಾಲಾಗಿ ಇಂಗ್ಲಿಷ್ ಮೂಡುತ್ತಿತ್ತು. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ನನ್ನ ಒಂದು ಮಾತೂ ಕೆಳಗೆ ಬೀಳದ ಹಾಗೆ ಯಾರಾದರೂ ಹಿಡಿದುಕೊಳ್ಳಬಲ್ಲರು ಎಂದು ಎಂದೂ ಅಂದುಕೊಂಡಿರಲಿಲ್ಲ. ಬಾಗಿಲಲ್ಲಿ ನಿಂತು ಅವಳ ಬೆರಳು ನೋಡುತ್ತಿದ್ದರೆ ಒಲೆಯ ಮೇಲಿನ ಹಾಲು ಮರೆತೇ ಹೋಗುತ್ತಿತ್ತು.

"ಲೈನ್ ಹೋದ್ರೆ ನನಗೆ ಏನಿಲ್ಲ," ಎಂದಿದ್ದಳು ಒಮ್ಮೆ. "ಅಲ್ಲಿ ಮೇಷ್ಟ್ರು ಜೋಕ್ ಹೇಳುತ್ತೆ. ಎಲ್ಲಾ ನಗುತ್ತೆ. ನನ್ನ ಹುಡುಗಿ ಮಾತ್ರ ಸುಮ್ಮನೆ ಎಲ್ಲರ ಮುಖ ನೋಡುತ್ತೆ. ಅದು ಆಗಬಾರದು."

ಅದು ಆಗಬಾರದೆಂದೇ ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ ಹಾಕಿಸಿದ್ದಳು. ಬೀದಿಯುದ್ದ ತಲೆ ಎತ್ತಿ ನಡೆದದ್ದರ ಫಲವಾಗಿ ಒಂದು ದಿನ ಅವಳಿಗೆ ಗೊತ್ತಾಯಿತು: ಎರಡೂ ಕೇಬಲ್ ಟೈರ್ ಅಂಗಡಿಯ ಮುಂದಿನ ಒಂದೇ ಕಂಬಕ್ಕೆ ಜೋತುಬಿದ್ದಿವೆ! ಕೇಬಲ್ಲಿನ ಇಮ್ತಿಯಾಜ್‌ನನ್ನು ಕರೆಸಿದಳು.

"ಎರಡು ಕಂಪನಿ, ಒಂದು ಕಂಬ. ಕಂಬ ಬಿದ್ರೆ ಎರಡೂ ಸಾಯುತ್ತೆ."

ಇಮ್ತಿಯಾಜ್ ಕಂಬ ನೋಡಿದ, ಅವಳನ್ನು ನೋಡಿದ. "ಇಷ್ಟು ವರ್ಷ ಆಯ್ತು ಮೇಡಂ, ಒಬ್ರೂ ಇದನ್ನ ಕೇಳಿರಲಿಲ್ಲ." ಎರಡನೆಯದನ್ನು ಹಿಂದಿನ ಬೀದಿಯಿಂದ, ನಮ್ಮ ಬಚ್ಚಲು ಗೋಡೆಯ ಮೇಲೆ ತಂದುಕೊಟ್ಟ.

ಪ್ರತಿ ಪಾಠಕ್ಕೆ ಮುಂಚೆ ನೋರಾ ತಾನೇ ಒಂದು ಕೇಬಲ್ ಕಿತ್ತು, ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೋ ಎಂದು ನೋಡುತ್ತಿದ್ದಳು. ಅಮ್ಮನಿಗೆ ಅದು ಸರಿ ಕಾಣುತ್ತಿರಲಿಲ್ಲ. "ಚೆನ್ನಾಗಿರೋದನ್ನ ಯಾಕೆ ಕೀಳ್ತೀಯ ನೋರಮ್ಮ?"

"ನಾನು ಕೀಳದಿದ್ರೆ ಬೇರೆ ಯಾರೋ ಕೀಳುತ್ತೆ ಅಮ್ಮ. ಅವರು ಹೇಳಿ ಕೀಳಲ್ಲ."

ಮೇ ತಿಂಗಳು, ನನಗೆ ಬೇಸಿಗೆ ರಜೆ. ನೋರಾ "ನನ್ನ ಹುಡುಗಿ" ಎನ್ನುತ್ತಿದ್ದ ಎಲೆನ್‌ಗೆ ಅಂದು ಪಶುವೈದ್ಯ ಕೋರ್ಸಿನ ಕೊನೆಯ ಮೌಖಿಕ ಪರೀಕ್ಷೆ. ಇಲ್ಲಿಗೆ ಬರುವ ಮುಂಚಿನಿಂದಲೇ, ನಾಲ್ಕು ವರ್ಷ ಅವಳಿಗೆ ಪಾಠಗಳನ್ನು ಬರೆದುಕೊಟ್ಟವಳು ನೋರಾ. ಅಲ್ಲಿ ಬೆಳಿಗ್ಗೆ, ಇಲ್ಲಿ ಸುಡುವ ಮಧ್ಯಾಹ್ನ. ಪರೀಕ್ಷೆ ಇನ್ನೇನು ಶುರುವಾಗಬೇಕು, ಹುಲ್ಲು ಹೇರಿದ ಲಾರಿಯೊಂದು ಟೈರ್ ಅಂಗಡಿಯ ಮುಂದಿನ ತಂತಿಗಳನ್ನೆಲ್ಲ ಎಳೆದುಕೊಂಡು ಹೋಯಿತು. ಕರೆಂಟೂ ಹೋಯಿತು. ಮಹಡಿಯಲ್ಲಿ ಬ್ಯಾಟರಿ ಇತ್ತು, ಆದರೆ ಹಿಂದಿನ ಬೀದಿಯ ಕೇಬಲ್ ಡಬ್ಬಿಗೆ ಇರಲಿಲ್ಲ. ಎರಡೂ ದಾರಿ ಮುಚ್ಚಿದವು.

ನಾನು ಓಡಿ ಮೇಲೆ ಹೋದಾಗ ನೋರಾ ಯಂತ್ರ, ಲ್ಯಾಪ್‌ಟಾಪ್ ಎತ್ತಿಕೊಂಡು ತಾರಸಿಗೆ ಹೊರಟಿದ್ದಳು.

"ಸುಮಾ, ನಿನ್ನ ಫೋನ್ ಕೊಡು. ಇಂಟರ್‌ನೆಟ್ ಬೇಡ, ಬರೀ ಮಾತು."

ಬೀದಿಯವರೆಲ್ಲ ಮೊಬೈಲಿಗೆ ಬಿದ್ದಿದ್ದರಿಂದ ಸಿಗ್ನಲ್ ಎಳೆಯಷ್ಟೇ ಉಳಿದಿತ್ತು. ಆ ಎಳೆಯಲ್ಲಿ ದೂರದ ದನಿ, ಚಿತ್ರ ಯಾವುದೂ ಬರುವಂತಿರಲಿಲ್ಲ. ಇಂಥ ದಿನಕ್ಕೆಂದೇ ಪರೀಕ್ಷೆಯ ಕೋಣೆಯ ಫೋನ್ ನಂಬರ್ ಅವಳು ಮೊದಲೇ ಕೇಳಿಟ್ಟುಕೊಂಡಿದ್ದಳು. ನನ್ನ ಫೋನಿನಿಂದ ಅಲ್ಲಿಗೆ ಸಾಮಾನ್ಯ ಕರೆ ಮಾಡಿದಳು. ತನ್ನ ಫೋನಿನ ಆ ಎಳೆಯಷ್ಟು ಇಂಟರ್‌ನೆಟ್ಟನ್ನು ಅಕ್ಷರ ಕಳಿಸಲು ಮಾತ್ರ ಇಟ್ಟುಕೊಂಡಳು. "ಮುಖ ಕಳಿಸೋಕೆ ದೊಡ್ಡ ರಸ್ತೆ ಬೇಕು. ಅಕ್ಷರಕ್ಕೆ ಕಾಲುದಾರಿ ಸಾಕು."

ನೀರಿನ ಟ್ಯಾಂಕಿನ ಪಕ್ಕ ಕೂತಳು. ನಾನು ಫೋನಿನ ಸ್ಪೀಕರ್ ಹಾಕಿ ಅವಳ ಕಿವಿಯ ಹತ್ತಿರ ಹಿಡಿದೆ. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಅಮ್ಮ ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಬಂದು ಕೊಡೆ ಹಿಡಿದಳು. ದೂರದಿಂದ ಪರೀಕ್ಷಕರ ದನಿ ಬಂತು: ಕರು ಹಾಕಿದ ಮೇಲೆ ಹಸು ಏಳಲಾರದೆ ಮಲಗಿದೆ, ಏನು ಮಾಡುತ್ತೀಯ? ನೋರಾಳ ಬೆರಳು ಒತ್ತಿದವು. ಇನ್ನು ಆ ಕಡೆಯಿಂದ ಉತ್ತರ ಬರಬೇಕಿತ್ತು. ಅಕ್ಷರ ಹೋಯಿತೋ ಇಲ್ಲವೋ? ಅಮ್ಮ ಕೊಡೆಯನ್ನು ಪರದೆಯತ್ತ ಇನ್ನಷ್ಟು ಬಾಗಿಸಿದಳು.

ಒಂದು ಹುಡುಗಿಯ ದನಿ ಬಂತು. ಸ್ವಲ್ಪ ಒರಟು, ಆದರೆ ಗಟ್ಟಿ. ಮೊದಲು ಹಸುವಿನ ರಕ್ತದಲ್ಲಿ ಸುಣ್ಣದಂಶ ಕಡಿಮೆಯಾಗಿದೆಯೋ ನೋಡುತ್ತೇನೆ, ಎಂದಿತು.

ನನ್ನ ಕಣ್ಣು ತುಂಬಿದವು. ಸಮುದ್ರಗಳಾಚೆ ಕೇಳಿದ ಪ್ರಶ್ನೆ ಮಲವಗೊಪ್ಪದ ನಮ್ಮ ತಾರಸಿಯ ಮೇಲೆ ಅಕ್ಷರವಾಗಿ, ಪ್ರಶ್ನೆ ಕೇಳಿದವರ ಎದುರೇ ಕೂತ ಹುಡುಗಿಯನ್ನು ಹೋಗಿ ಮುಟ್ಟಿತ್ತು. ನೋರಾ ತಲೆ ಎತ್ತಲಿಲ್ಲ. ಮುಂದಿನ ಪ್ರಶ್ನೆ, ಅದರ ಮುಂದಿನದು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿದರೂ ಒರೆಸಿಕೊಳ್ಳಲಿಲ್ಲ.

ಎಲೆನ್ ಪಾಸಾದಳು. ತಾರಸಿಯ ಸುದ್ದಿಯನ್ನು ನೋರಾ ಅವಳಿಗೆ ಹೇಳಲೇ ಇಲ್ಲ. "ಅದು ಹಸು ಬಗ್ಗೆ ಯೋಚನೆ ಮಾಡಬೇಕು. ನನ್ನ ಬಗ್ಗೆ ಯಾಕೆ?"

ಗಂಡನ ಕೆಲಸ ಮುಗಿಯಿತು. ಹೊರಡುವ ಹಿಂದಿನ ಸಂಜೆ ಎಲೆನ್ ವಿಡಿಯೋ ಕರೆ ಮಾಡಿದ್ದಳು. ನೋರಾ ನಮ್ಮಿಬ್ಬರನ್ನು ಪರದೆಯ ಮುಂದೆ ಕೂರಿಸಿ, ತಾನು ಪಕ್ಕಕ್ಕೆ ಸರಿದು ಯಂತ್ರ ತೊಡೆಯ ಮೇಲಿಟ್ಟುಕೊಂಡಳು. "ಕನ್ನಡದಲ್ಲೇ ಮಾತಾಡಿ. ನಾನು ಇಂಗ್ಲಿಷಲ್ಲಿ ಬರೀತೀನಿ. ಏನು ಹೇಳಿದ್ರೂ ಬರೀತೀನಿ, ಬಿಡೋ ಹಾಗಿಲ್ಲ."

ಅಮ್ಮ ಗಂಟಲು ಸರಿಮಾಡಿಕೊಂಡಳು. "ನಿನ್ನ ಪರೀಕ್ಷೆ ದಿನ ಈ ನೋರಮ್ಮ ಏನು ಮಾಡಿದಳು ಗೊತ್ತೇನಮ್ಮ?"

ಬೆರಳುಗಳು ನಿಂತವು. ನೋರಾ ಅಮ್ಮನನ್ನು ಬೇಡುವ ಹಾಗೆ ನೋಡಿದಳು. ಅಮ್ಮ ಅವಳತ್ತ ತಿರುಗಲೇ ಇಲ್ಲ. ಲಾರಿ, ಹುಲ್ಲು, ಬಿಸಿಲು, ಟ್ಯಾಂಕು ಎಂದು ಒಂದೊಂದನ್ನೇ ಬಿಡಿಸಿ ಹೇಳತೊಡಗಿದಳು. ನೋರಾ ಕಿವಿಯವರೆಗೆ ಕೆಂಪಾಗಿ, ತನ್ನದೇ ಕಥೆಯನ್ನು ಒಂದು ಮಾತೂ ಬಿಡದೆ ಬರೆಯುತ್ತಾ ಹೋದಳು. ಎಲೆನ್‌ಳ ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು. ಕೈ ಬಾಯಿಗೆ ಹೋಯಿತು. ಆಮೇಲೆ ಅದೇ ಒರಟು ದನಿಯಲ್ಲಿ ಏನೋ ಕೇಳಿದಳು.

"ನನ್ನ ಮುಖ ನೋಡಬೇಕಂತೆ," ಎಂದಳು ನೋರಾ. ಅವಳು ಬರಲೆಂದು ನಾನು ಸರಿದು ಜಾಗ ಬಿಟ್ಟೆ. ಆದರೆ ಅವಳು ಕೂತಲ್ಲಿಂದ ಏಳಲಿಲ್ಲ. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಭುಜಕ್ಕೆ ಒರೆಸಿಕೊಂಡು, ಬೆರಳುಗಳನ್ನು ಕೀಲಿಗಳ ಮೇಲೇ ಇಟ್ಟುಕೊಂಡು, "ತಡಿ ಸುಮಾ," ಎಂದಳು, "ಅಮ್ಮ ಇನ್ನೂ ಮುಗಿಸಿಲ್ಲ."