ದೊಡ್ಡವ್ವ ಅರಿಶಿನ ಹಚ್ಚಿದ ದಿನ

ಹೋದ ವಾರ ಉಪ್ಪಿನಕಾಯಿಗೆಂದು ಹಸಿ ಅರಿಶಿನದ ಕೊಂಬು ಹೆಚ್ಚುತ್ತಿದ್ದೆ. ಚಾಕು ಇಳಿದದ್ದೇ ತಡ, ಒದ್ದೆ ಮಣ್ಣಿಗೆ ಕರ್ಪೂರ ಬೆರೆತಂಥ ಆ ವಾಸನೆ ಎದ್ದಿತು. ಕೈ ತಾನಾಗಿ ನಿಂತಿತು. ನಂಜನಗೂಡಿನ ಹತ್ತಿರ, ಕಳಲೆಯ ಆಚೆಗಿನ ಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದರು...

ನಾನಾಗ ಆ ಊರಿನ ಶಾಲೆಗೆ ಹೊಸದಾಗಿ ಬಂದ ಟೀಚರ್. ಚೊಚ್ಚಲ ಬಸುರಿ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವವರಿರಲಿಲ್ಲ. ಆ ಕೆಲಸವನ್ನು ದೊಡ್ಡವ್ವ ಕೇಳದೆಯೇ ವಹಿಸಿಕೊಂಡರು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡಿದ್ದ ಅವರಿಗೆ ಮಕ್ಕಳಿರಲಿಲ್ಲ. ಇದ್ದ ಒಂದು ತುಂಡು ಹೊಲದಲ್ಲಿ ವರ್ಷವೂ ಅರಿಶಿನ ಹಾಕುತ್ತಿದ್ದರು. ಗೋಡೆಯಾಚೆಯಿಂದ ಬಿಸಿ ಸೊಪ್ಪಿನ ಸಾರು ದಾಟಿಸಿ, ಬಟ್ಟಲು ಖಾಲಿಯಾಗುವ ತನಕ ಅಲ್ಲೇ ನಿಂತಿರುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಅರಿಶಿನ ಕೀಳುವ ಕಾಲ ಬಂತು. ಅಲ್ಲಿ ಮುಯ್ಯಾಳಿನ ಪದ್ಧತಿ. ಕೂಲಿಯಿಲ್ಲ, ಇವತ್ತು ಇವರ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವರು. ದೊಡ್ಡವ್ವನ ಸರದಿ ಭಾನುವಾರ ಬಿದ್ದದ್ದರಿಂದ ನಾನೂ ಹೊರಟೆ. ಗಂಡಸರು ಗುದ್ದಲಿಯಿಂದ ಅಗೆದು ಗಡ್ಡೆ ಎಬ್ಬಿಸಿದರು. ನಾವು ಹೆಂಗಸರು ಮಣ್ಣು ಕೊಡವಿ ಕೊಂಬು ಮುರಿದು ಗುಡ್ಡೆ ಹಾಕಿದೆವು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ದೊಡ್ಡವ್ವ ನನ್ನನ್ನು ಬಗ್ಗಲು ಬಿಡದೆ ಹೊಂಗೆ ಮರದ ನೆರಳಲ್ಲಿ ಕೂರಿಸಿ, ನನ್ನ ಪಾಲಿನ ಗಡ್ಡೆಗಳನ್ನು ಮಂಕರಿಯಲ್ಲಿ ತಂದು ಸುರಿಯುತ್ತಿದ್ದರು.

ಸಂಜೆ ಹೊಲದಲ್ಲೇ ಕೊಪ್ಪರಿಗೆ ಇಟ್ಟು ಅರಿಶಿನ ಬೇಯಿಸಿದರು. ಮೊದಲು ಬೆಂದ ಕೊಂಬನ್ನು ಅರೆದು, ಹೊಲದ ಒಡತಿ ದುಡಿದ ಹೆಂಗಸರ ಕೆನ್ನೆಗೆ ಹಚ್ಚಬೇಕು. ದೊಡ್ಡವ್ವನ ಹೊಲದಲ್ಲಿ ಮಾತ್ರ ಅದನ್ನು ಅವರ ಓರಗಿತ್ತಿ ಮಾಡುತ್ತಿದ್ದರಂತೆ. ಆ ವರ್ಷ ಓರಗಿತ್ತಿ ಜ್ವರದಿಂದ ಮಲಗಿದ್ದರು.

ದೊಡ್ಡವ್ವ ಬಟ್ಟಲನ್ನು ಬದುವಿನ ಮೇಲಿಟ್ಟು ಹಿಂದೆ ಸರಿದರು. "ನೀವ್ನೀವೇ ಅಚ್ಕೊಳ್ರವ್ವ" ಎಂದರು.

ಯಾರೂ ಕೈ ಚಾಚಲಿಲ್ಲ. ನನಗೆ ಏನನ್ನಿಸಿತೋ... ಎದ್ದು ಹೋಗಿ ಅವರ ಮುಂದೆ ನಿಂತೆ. "ನಂಗೆ ನೀವೇ ಹಚ್ಚಿ ದೊಡ್ಡವ್ವ."

"ಬ್ಯಾಡ ಕಣವ್ವ. ಒಟ್ಟೇಲಿ ಕೂಸದೆ."

"ನಮ್ಮಮ್ಮ ಇದ್ದಿದ್ರೆ ಹಚ್ತಿದ್ರು. ಈಗ ಇನ್ಯಾರಿದ್ದಾರೆ?"

ಅವರು ಸುತ್ತ ನೋಡಿದರು. ಅವರ ಎರಡೂ ಕೈ ಮೊಣಕೈವರೆಗೆ ಹಳದಿಯಾಗಿದ್ದವು. ಕೊಪ್ಪರಿಗೆಯ ಪಕ್ಕ ಕೂತಿದ್ದ ಹಣ್ಣು ಹಣ್ಣು ಮುದುಕಿಯೊಬ್ಬಳು ಗದರಿದಳು: "ಅರಿಸ್ನ ಬೆಳೆದೋಳು ಅಚ್ದೆ ಇನ್ಯಾರಮ್ಮಿ ಅಚ್ಚಾರು? ಎಷ್ಟೊತ್ತು ನಿಲ್ಲುಸ್ತೀಯ ಬಸ್ರಿ ಎಂಗ್ಸ್ನ?"

ದೊಡ್ಡವ್ವ ಬಟ್ಟಲು ಎತ್ತಿಕೊಂಡರು. ಬಲಗೆನ್ನೆಗೆ ಹಚ್ಚಿ, ಎಡಗೆನ್ನೆಗೆ ಹಚ್ಚುವ ಹೊತ್ತಿಗೆ ಅವರ ಕಣ್ಣು ತುಂಬಿತ್ತು. ಆಮೇಲೆ ಒಬ್ಬೊಬ್ಬರಾಗಿ ಕೆಲವರು ಕೆನ್ನೆ ಒಡ್ಡಿದರು. ಇಬ್ಬರು ಮಂಕರಿ ಎತ್ತಿಕೊಂಡು ನಡೆದುಬಿಟ್ಟರು.

ಅಂದಿನಿಂದ ದೊಡ್ಡವ್ವನ ನೆಮ್ಮದಿ ಹೋಯಿತು. ನಾನು ಸ್ವಲ್ಪ ಕೆಮ್ಮಿದರೂ ಗೋಡೆಯಾಚೆಯಿಂದ, "ಏನವ್ವ, ನೋವಾ?" ಎನ್ನುವರು. ಸೋಮವಾರ ಉಪವಾಸ ಹಿಡಿದರು. ಯಾಕೆ ಎಂದರೆ "ವಯಸ್ಸಾಯ್ತಲ್ಲ" ಎಂದು ಮಾತು ಹಾರಿಸುತ್ತಿದ್ದರು.

ಮಗಳು ನಂಜನಗೂಡಿನ ಆಸ್ಪತ್ರೆಯಲ್ಲಿ ಹುಟ್ಟಿದಳು. ಮರುದಿನ ಕಣ್ಣು ಬಿಟ್ಟಾಗ ದೊಡ್ಡವ್ವ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ... ಕರೆದ ಮೇಲೇ ಒಳಗೆ ಬಂದರು. ಮಗುವಿನ ಕೈಬೆರಳು, ಕಾಲ್ಬೆರಳು ಒಂದೊಂದನ್ನೇ ಮುಟ್ಟಿ ನೋಡಿದರು. ಆಮೇಲೆ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತರು.

"ಏನಾರ ಎಚ್ಚುಕಮ್ಮಿ ಆಗಿದ್ರೆ ನನ್ ಕೈನೇ ಅಂತಿದ್ರು ಕಣವ್ವ. ಈಗ ಉಸ್ರು ಬಂತು."

ಅಷ್ಟು ತಿಂಗಳು ನಾನು ಒಂದು ಮಗುವನ್ನು ಹೊತ್ತಿದ್ದರೆ, ಅವರು ಆ ಭಯವನ್ನು ಹೊತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ಆಗಲೂ ಹಳದಿಯಿತ್ತು.

ಮುಂದಿನ ಸುಗ್ಗಿಯಲ್ಲಿ ಅವರು ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಎಲ್ಲರಿಗೂ ಅರಿಶಿನ ಹಚ್ಚಿದರು. ನಡೆದುಹೋಗಿದ್ದ ಇಬ್ಬರಲ್ಲಿ ಒಬ್ಬಳು ಆ ಸಲ ನಿಂತಳು. ನಂತರ ನನಗೆ ತಿ. ನರಸೀಪುರದ ಕಡೆ ವರ್ಗವಾಯಿತು. ಮೊದಮೊದಲು ಹೋಗಿಬರುತ್ತಿದ್ದೆ, ಬರಬರುತ್ತಾ ಅದು ನಿಂತುಹೋಯಿತು... ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಓರಗಿತ್ತಿಯ ಮಗನಿಂದ. ಸುಗ್ಗಿಗೆ ಮುಂಚೆಯೇ ಹೋದರಂತೆ. "ಆದ್ರೂ ಬೆಳೆನ ಒಲ್ದಲ್ಲೇ ಬಿಡ್ಲಿಲ್ಲ ಮೇಡಂ, ಊರೋರೆಲ್ಲ ಬಂದು ಕಿತ್ತು ಕೊಟ್ರು" ಎಂದ. ಆ ದಿನ ನಾನು ಅಲ್ಲಿರಲಿಲ್ಲ.

ನಿನ್ನೆ ಮಗಳಿಗೆ ಇದನ್ನೆಲ್ಲ ಹೇಳಿದೆ. "ನೋಡೋಕೆ ಹೇಗಿದ್ರಮ್ಮ?" ಎಂದು ಕೇಳಿದಳು. ನನ್ನ ಬಳಿ ಅವರ ಒಂದು ಫೋಟೋ ಕೂಡ ಇಲ್ಲ. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು ಎಂದೆ.